ಸುಮ್ಮನೆ ಬರುವ ಕಣ್ಣೀರು

ಬಸವೇಶ್ವರನಗರದಲ್ಲಿ ನಮ್ಮ ಮಹಡಿ ಮೇಲಿದ್ದಾಕೆ ಟೀವಿಯಲ್ಲಿ ಯಾರದೋ ಮದುವೆಯಾದರೂ ಅಳುತ್ತಿದ್ದರು. ಕೇಳಿದರೆ, "ಏನಿಲ್ಲ ಕಣ್ರೀ, ಸುಮ್ನೆ ಬಂತು" ಎಂದು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು.

"ಲಕ್ಷ್ಮಿ ಹಬ್ಬದ ದಿನ ಕಣ್ಣೀರು ಒಳ್ಳೇದಲ್ಲ ಆಂಟಿ. ಮಹಡಿ ಮೇಲಿನವ್ರು ಬಂದ್ರೆ ನೀರಿನ ಟ್ಯಾಂಕರ್ ಬಂದಂಗೆ!" ಎಂದು ಎದುರುಮನೆಯ ಹುಡುಗಿ ನಕ್ಕಳು. ಆದರೂ ಆಕೆಯನ್ನು ಕುಂಕುಮಕ್ಕೆ ಕರೆದೆ.

ಗರ್ಭಪಾತವಾಗಿ ತವರಿಗೆ ಬಂದಿದ್ದ ನನ್ನ ಮಗಳು ಅಳದೆ, ಮಾತಾಡದೆ ಕಲ್ಲಿನಂತೆ ಕೂತಿದ್ದಳು. ಮಹಡಿಯಾಕೆ ಬಂದು ಅವಳನ್ನು ನೋಡಿದ್ದೇ ತಡ, ಗೊಳೋ ಎಂದು ಅತ್ತರು. ಮಗಳು ಎದ್ದು, ತಾಂಬೂಲದ ತಟ್ಟೆಯಲ್ಲಿದ್ದ ರವಿಕೆ ಕಣದಿಂದಲೇ ಅವರ ಕಣ್ಣೊರೆಸಿದಳು. "ಅಳ್ಬೇಡಿ ಆಂಟಿ" ಎನ್ನುತ್ತಾ ತಾನೂ ಅತ್ತಳು.

ನಾನು ಗಾಬರಿಯಿಂದ ಹತ್ತಿರ ಹೋದೆ.

"ಏನಿಲ್ಲಮ್ಮಾ, ಸುಮ್ನೆ ಬಂತು" ಎಂದಳು ಮಗಳು.

ತಾಯಿ ಲಕ್ಷ್ಮಿಗೆ ಕೈಮುಗಿದು, ಆಕೆಯ ತಾಂಬೂಲಕ್ಕೆ ಬೇರೆ ಕಣ ತರಲು ಒಳಗೆ ಹೋದೆ.