ಎತ್ತಿಕೊಡಲು ಕಲಿತ ಬೋರಣ್ಣ

ದೇವಸಮುದ್ರದ ಬೋರಣ್ಣ ವಾಲಿಬಾಲ್ ಕಲಿತದ್ದು ಕುರಿ ಕೂಡಿಹಾಕುವ ಬಲೆಯ ಮೇಲೆ. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಲು ಅವನಪ್ಪ ಮಾರಯ್ಯ ಇಟ್ಟುಕೊಂಡಿದ್ದ ಆ ಬಲೆ ಹಗಲೆಲ್ಲ ಸುಮ್ಮನೆ ಬಿದ್ದಿರುತ್ತಿತ್ತು. ಊರ ಹುಡುಗರು ಅದನ್ನು ಎರಡು ಬೇವಿನ ಮರಗಳಿಗೆ ಬಿಗಿದು ಆಡುತ್ತಿದ್ದರು. ಬೋರಣ್ಣ ಹೊಡೆದ ಚೆಂಡು ಬಲೆಯನ್ನೇ ಹರಿದುಕೊಂಡು ಹೋದ ದಿನ ಮಾರಯ್ಯ ಬೈಯುತ್ತಲೇ ಅದನ್ನು ಹೆಣೆಯಲು ಕೂತ. ಬೈಗುಳ ಮುಗಿದ ಮೇಲೆ ಮಗನ ತೋಳು ಮುಟ್ಟಿ ನೋಡಿ, "ಏನ್ ತಿಂತೀಯಲೇ ನೀನು" ಅಂದ.

ಬೋರಣ್ಣ ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರದ ಆಳು. ಅವನ ಜೋಡಿ ಹೊನ್ನೂರಸ್ವಾಮಿ ಅವನ ಭುಜಕ್ಕೂ ಬರುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದ ಅವನು ಆಟದಲ್ಲಿ ಲಿಫ್ಟರ್, ಅಂದರೆ ಹೊಡೆಯುವವನಿಗೆ ಚೆಂಡು ಎತ್ತಿಕೊಡುವವನು. ಎಲ್ಲಿಂದ ಎಂಥ ಕೆಟ್ಟ ಚೆಂಡು ಬಂದರೂ ಅವನ ಬೆರಳಿಗೆ ತಾಗಿದ ಮೇಲೆ ಅದು ಬಲೆಯ ಅಂಚಿನ ಮೇಲೆ ಒಂದು ಗಳಿಗೆ ಸುಮ್ಮನೆ ನಿಂತಂತೆ ಇರುತ್ತಿತ್ತು. ಬೋರಣ್ಣ ಎಗರಿ ಹೊಡೆಯುತ್ತಿದ್ದ. ಜನ ಬೋರಣ್ಣನ ಹೆಸರು ಕೂಗುತ್ತಿದ್ದರು.

ತೊಂಬತ್ತೆರಡರ ಬೇಸಿಗೆಯಲ್ಲಿ ಗಡಿಯಾಚೆ ರಾಯದುರ್ಗದ ಪಂದ್ಯಕ್ಕೆ ಹೋದಾಗ ಅಲ್ಲಿನವರು "ಕೊಟ್ಟು ಬೋರನ್ನಾ, ಕೊಟ್ಟು" ಎಂದು ತೆಲುಗಿನಲ್ಲಿ ಹುರುಪು ತುಂಬಿದರು. ಚಳ್ಳಕೆರೆಯಿಂದ ಆಟ ನೋಡಲು ಬಂದಿದ್ದ ಎಣ್ಣೆ ಗಿರಣಿಯ ಸಾವ್ಕಾರರಿಗೆ ತೆಲುಗು ಅಷ್ಟಕ್ಕಷ್ಟೆ. "ಏನ್ ಕೊಡ್ಬೇಕಂತೆ ಇವನು?" ಎಂದು ಪಕ್ಕದವರನ್ನು ಕೇಳಿದರಂತೆ. "ಹೊಡಿ ಅಂತಾವ್ರೆ ಸಾವ್ಕಾರ್ರೆ" ಎಂದು ಅವರು ಬಿಡಿಸಿ ಹೇಳಬೇಕಾಯಿತು. ಆ ಸಲ ಬಹುಮಾನ ಒಂದು ಟಗರು. ವಾಪಸು ಬರುವಾಗ ಅದು ಬಸ್ಸಿನ ಮೇಲೆ ಕೂತು ದಾರಿಯುದ್ದಕ್ಕೂ ಅರಚಿತು. ಕೆಳಗೆ ಕೂತ ತಂಡ ಅದಕ್ಕೆ ಉತ್ತರ ಕೊಡುತ್ತ ಬಂತು.

ಸಾವ್ಕಾರರು ಬೋರಣ್ಣನನ್ನು ಬಿಡಲಿಲ್ಲ. ಚಳ್ಳಕೆರೆಗೆ ಕರೆಸಿಕೊಂಡು ಗಿರಣಿಯಲ್ಲಿ ಕೆಲಸ ಕೊಟ್ಟರು. ಹಗಲು ಶೇಂಗಾ ಮೂಟೆ, ಸಂಜೆ ಗಿರಣಿ ತಂಡದ ಆಟ. ಭಾನುವಾರ ಪಂದ್ಯವಿದ್ದರೆ ಹೊನ್ನೂರಸ್ವಾಮಿ ಅಂಗಡಿ ಮುಚ್ಚಿ ಬಸ್ಸು ಹತ್ತಿ ಬಂದು ಚೆಂಡು ಎತ್ತಿಕೊಟ್ಟು ಹೋಗುತ್ತಿದ್ದ. ಹೋಟೆಲಿನವರು ಬೋರಣ್ಣನಿಗೆ ಒಂದು ದೋಸೆ ಹೆಚ್ಚು ಹಾಕುತ್ತಿದ್ದರು. ಜೊತೆಗೆ ಬಂದವನು ಯಾರು ಎಂದು ಯಾರೂ ಕೇಳುತ್ತಿರಲಿಲ್ಲ. ಬೋರಣ್ಣನಿಗೂ ಅದು ಹೊಳೆದಿರಲಿಲ್ಲ.

ಹೀಗೆ ವರ್ಷಗಳು ಖುಷಿಯಲ್ಲಿ ಕಳೆದವು. ಎರಡು ಸಾವಿರದ ಒಂದರ ಹೊತ್ತಿಗೆ ಬಲಭುಜ ಹಟ ಹಿಡಿಯಿತು. ನಾಲ್ಕು ಸಲ ಜೋರಾಗಿ ಹೊಡೆದರೆ ಐದನೆಯದಕ್ಕೆ ಕೈ ಮೇಲೇಳುತ್ತಿರಲಿಲ್ಲ. ದಾವಣಗೆರೆಯ ಡಾಕ್ಟರು, "ಇನ್ನು ಆಟ ನೋಡಪ್ಪ, ಆಡಬೇಡ" ಅಂದರು. ಬೋರಣ್ಣ ಊರಿಗೆ ಬಂದು ಒಂದಿಷ್ಟು ಕುರಿ ಕಟ್ಟಿದ. ಹೆಂಡತಿ ಹೊನ್ನಕ್ಕನಿಗೆ ಒಳಗೊಳಗೇ ಸಂತೋಷ. "ಭಾನುವಾರ ಗಂಡ ಮನೇಲಿರ್ತಾನೆ ಅನ್ನೋದು ಈಗ ಗೊತ್ತಾಯ್ತು" ಎಂದು ಅಕ್ಕಪಕ್ಕದವರಿಗೆ ಹೇಳಿಕೊಂಡಳು.

ಆ ಭಾನುವಾರಗಳು ಬಹಳ ದಿನ ಉಳಿಯಲಿಲ್ಲ. ಒಂದು ಸಂಜೆ ಹೊನ್ನೂರಸ್ವಾಮಿಯ ಮಗಳು ದಿವ್ಯಾ ಗೆಳತಿಯರನ್ನು ಕಟ್ಟಿಕೊಂಡು ಬಂದು ಅಂಗಳದಲ್ಲಿ ನಿಂತಳು. ಆಗ ಅವಳು ಎಂಟನೇ ಕ್ಲಾಸು.

"ಬೋರಮಾಮ, ಶಾಲೆ ಮೈದಾನ ಹುಡುಗರು ಬಿಡಂಗಿಲ್ಲ. ನಮಗೆ ನೀನು ಕಲಿಸ್ತೀಯಾ?"

"ನಿಮ್ಮಪ್ಪನ್ನ ಕೇಳಬೇಕಿತ್ತು."

"ಕೇಳಿದ್ವಿ. ಬೋರನೇ ದೊಡ್ಡ ಆಟಗಾರ, ಅವನ ಹತ್ರ ಹೋಗ್ರಿ ಅಂದ."

ಬೋರಣ್ಣ ಹಿಗ್ಗಿದ. ಮನೆ ಹಿಂದಿನ ಕಣವನ್ನು ಸಾರಿಸಿ, ಗೆರೆ ಎಳೆದು, ಬಲೆ ಕಟ್ಟಿದ. ಮೊದಲ ದಿನ, "ನೋಡ್ರಿ, ಹಿಂಗೆ" ಎಂದು ಎಗರಿ ಒಂದು ಹೊಡೆದ. ಚೆಂಡು ನೆಲಕ್ಕೆ ಬಡಿದು ಹುಣಸೆಮರ ದಾಟಿತು. ಹುಡುಗಿಯರು ಬಾಯಿ ತೆರೆದು ನೋಡಿದರು. "ಈಗ ನೀವು" ಅಂದ. ಒಬ್ಬಳ ಕೈಗೂ ಚೆಂಡು ಸಿಗಲಿಲ್ಲ. ಮರುದಿನವೂ ಹಾಗೇ. ಹಿಂಗೆ ಅಂದರೆ ಹೆಂಗೆ ಎಂದು ದಿವ್ಯಾ ಕೇಳಿದಾಗ ಬೋರಣ್ಣ ಇನ್ನೊಂದು ಸಲ ಎಗರಿ ಹೊಡೆದು ತೋರಿಸಿದ. ತಿಂಗಳು ಕಳೆಯುವಷ್ಟರಲ್ಲಿ ಅವನಿಗೆ ಭುಜನೋವು ತಿರುಗಿ ಬಂತು, ಹುಡುಗಿಯರಿಗೆ ಬೇಜಾರು ಬಂತು.

ಕೊನೆಗೆ ಹೊನ್ನೂರಸ್ವಾಮಿ ಕೊರಳಿಗೆ ಅಳತೆ ಟೇಪು ಹಾಕಿಕೊಂಡೇ ಬಂದು ಕಣದ ಅಂಚಿಗೆ ಕೂತ. ಸ್ವಲ್ಪ ಹೊತ್ತು ನೋಡಿ ಕೇಳಿದ:

"ಲೇ ಬೋರ, ನಿನಗೆ ಹೊಡೆಯೋದು ಯಾರ್ ಕಲಿಸಿದ್ರು?"

"ಯಾರೂ ಇಲ್ಲ. ನೀನು ಎತ್ತಿದೆ, ನಾನು ಹೊಡೆದೆ."

"ಈ ಮಕ್ಕಳಿಗೆ ಯಾರ್ ಎತ್ತಿಕೊಡ್ತಾವ್ರೆ?"

ಬೋರಣ್ಣ ಕಣದ ಕಡೆ ನೋಡಿದ. ಚೆಂಡು ಒಬ್ಬೊಬ್ಬರ ಕೈ ತಪ್ಪಿಸಿ ಮೂಲೆಮೂಲೆಗೆ ಉರುಳುತ್ತಿತ್ತು. ಅಷ್ಟು ವರ್ಷ ಆಡಿದವನು ಒಂದು ದಿನವೂ ಇನ್ನೊಬ್ಬರಿಗೆ ಚೆಂಡು ಎತ್ತಿಕೊಟ್ಟಿರಲಿಲ್ಲ.

"ನೀನೇ ಬಂದು ಎತ್ತಲೇ" ಅಂದ.

"ಅಂಗಡಿ ಯಾರ್ ನೋಡ್ತಾರೆ? ಬಾ, ನಿನಗೇ ಕಲಿಸ್ತೀನಿ."

ಹಾಗೆ ಹೆಸರಾಂತ ಬೋರಣ್ಣ ಹುಡುಗಿಯರ ಸಾಲಿನಲ್ಲಿ ನಿಂತು ಎತ್ತುವುದನ್ನು ಕಲಿಯತೊಡಗಿದ. ಮೂಟೆ ಹೊತ್ತ ಬೆರಳುಗಳು ಬಗ್ಗಲೊಲ್ಲವು. ಒಂದು ಚೆಂಡು ಹಿಂದಕ್ಕೆ ಹಾರಿ ಕುರಿಗಳ ನಡುವೆ ಬಿತ್ತು, ಇನ್ನೊಂದು ಅವನ ಮೂಗಿಗೇ ಬಡಿಯಿತು. ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಲ್ಲೆಲ್ಲ ಚಿಕ್ಕವಳಾದ ಸ್ವಪ್ನ ಬಂದು ಅವನ ಮೊಣಕೈ ಹಿಡಿದು, "ಇಷ್ಟು ಅಗಲ ಬ್ಯಾಡ ಮಾಮ" ಎಂದು ಸರಿಮಾಡಿದಳು. ಅವಳಿಗೆ ಆಗಲೇ ಕೈ ಕುದುರಿತ್ತು. ಅಷ್ಟು ದೊಡ್ಡ ಆಳಿಗೇ ಬರದ್ದು ತಮಗೆ ಬರದಿದ್ದರೆ ನಾಚಿಕೆಯೇನಿಲ್ಲ ಎಂದು ಉಳಿದವರಿಗೂ ಧೈರ್ಯ ಬಂತು. ತಪ್ಪಿದರೂ ಆಡಿದರು, ಬಿದ್ದರೂ ನಕ್ಕರು. ಬೋರಣ್ಣ ಮನೆಯಲ್ಲೂ ಚೆಂಡು ಬಿಡಲಿಲ್ಲ. ಮುದ್ದೆ ತಿರುವುತ್ತಿದ್ದ ಹೊನ್ನಕ್ಕ ಕೋಲು ತೋರಿಸಿ ಅವನನ್ನು ಹೊರಗೆ ಕಳಿಸಬೇಕಾಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ಅವನ ಬೆರಳಿಂದ ಬಿಟ್ಟ ಚೆಂಡು ಬಲೆಯ ಮೇಲೆ ನಿಂತಂತಾಯಿತು. ದಿವ್ಯಾ ಓಡಿಬಂದು ಎಗರಿ ಹೊಡೆದಳು. ಆಚೆ ಕಡೆ ಧೂಳೆದ್ದಿತು. ಬೋರಣ್ಣನಿಗೆ ಮೈಯೆಲ್ಲ ಜುಮ್ಮೆಂದಿತು. ಹೊಡೆದವಳು ಅವಳು, ಹಿಗ್ಗು ತನಗೆ. ಇಂಥದ್ದೊಂದು ಸುಖ ಇಷ್ಟು ವರ್ಷ ಹೊನ್ನೂರಸ್ವಾಮಿ ಒಬ್ಬನೇ ಉಂಡಿದ್ದನಲ್ಲ ಎನ್ನಿಸಿ ನಗು ಬಂತು. ಅಂಗಡಿಗೆ ಹೋಗಿ, "ಕಳ್ಳ ಕಣಲೇ ನೀನು, ಹೇಳಲೇ ಇಲ್ಲ" ಅಂದ. ಹೊನ್ನೂರಸ್ವಾಮಿಗೆ ಏನೆಂದು ತಿಳಿಯಲಿಲ್ಲ. ಆದರೂ ಮಿಷನ್ನು ನಿಲ್ಲಿಸಿ ಟೀ ತರಿಸಿದ.

ಎರಡು ವರ್ಷಕ್ಕೆ ಆ ಹುಡುಗಿಯರು ಮೊಳಕಾಲ್ಮೂರಿನಲ್ಲಿ ತಾಲ್ಲೂಕಿಗೇ ಮೊದಲು ಬಂದರು. ಜಿಲ್ಲೆಯ ಪಂದ್ಯ ಚಳ್ಳಕೆರೆಯಲ್ಲಿ. ಹೊನ್ನೂರಸ್ವಾಮಿಯೂ ಅಂಗಡಿ ಮುಚ್ಚಿ ಜೊತೆಗೆ ಬಂದಿದ್ದ. ಗಿರಣಿಯ ಹಳೆಯ ಹಮಾಲಿ ಉಗ್ರಪ್ಪ ಬೋರಣ್ಣನನ್ನು ಕಂಡು ನಾಲ್ಕು ಜನರನ್ನು ಕರೆತಂದ. ಸ್ವಪ್ನ ಎತ್ತಿಕೊಡುತ್ತ ಹೋದಳು, ದಿವ್ಯಾ ಹೊಡೆಯುತ್ತ ಹೋದಳು. ಫೈನಲ್ಲಿನಲ್ಲಿ ಹಿರಿಯೂರಿನ ಹುಡುಗಿಯರ ಎದುರು ಕೂದಲೆಳೆಯಲ್ಲಿ ಸೋತರು. ಆಮೇಲೆ ಉಗ್ರಪ್ಪ ಬೋರಣ್ಣನ ಪಕ್ಕ ಬಂದು, "ಹೊಡೆಯೋ ಹುಡುಗಿ ಸರಿ. ಆ ಸಣ್ಣವಳಿಗೆ ಚೆಂಡೆತ್ತೋದು ಯಾರ್ ಕಲಿಸಿದ್ರಲೇ?" ಎಂದು ಕೇಳಿದ.

ಬೋರಣ್ಣ ಹೊನ್ನೂರಸ್ವಾಮಿಯ ಹೆಗಲು ಹಿಡಿದು ಮುಂದಕ್ಕೆ ತಳ್ಳಿದ. "ಇವನು. ನನಗೂ ಇವನೇ" ಅಂದ. ಅವತ್ತು ಹೋಟೆಲಿನಲ್ಲಿ ಹೆಚ್ಚಿನ ದೋಸೆ ಹೊನ್ನೂರಸ್ವಾಮಿಯ ಎಲೆಗೆ ಬಿತ್ತು.

ದಿವ್ಯಾಗೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿತು. ಕಣಕ್ಕೆ ಹೊಸ ಹುಡುಗಿಯರು ಬಂದರು, ಅವರ ಹಿಂದೆ ಆಟ ನೋಡಲು ತಾಯಂದಿರೂ ಬರತೊಡಗಿದರು. ಒಂದು ಸಂಜೆ ಆಟ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿದ್ದಾಗ ಹೊನ್ನಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಣಕ್ಕಿಳಿದಳು.

"ನಂಗೂ ಒಂದು ಎತ್ತು" ಅಂದಳು ಗಂಡನಿಗೆ.

"ಮೊಣಕಾಲು ನೋಯ್ತದೆ ಅಂತಿದ್ದೆ?"

"ಕಾಲಲ್ಲಿ ಹೊಡೀತಾರೇನು?"

ಬೋರಣ್ಣ ಅಂಗೈ ಒರೆಸಿಕೊಂಡು ಆದಷ್ಟು ಮೆತ್ತಗೆ ಎತ್ತಿದ. ಹೊನ್ನಕ್ಕ ಎಗರಲಿಲ್ಲ, ನಿಂತಲ್ಲಿಂದಲೇ ರೊಟ್ಟಿ ತಟ್ಟುವ ಕೈ ಬೀಸಿದಳು. ಚೆಂಡು ಬಲೆ ದಾಟಿ, ಬೇಲಿ ದಾಟಿ, ಪಕ್ಕದ ಶೇಂಗಾ ಹೊಲಕ್ಕೆ ಹೋಗಿ ಬಿತ್ತು. ಹುಡುಗಿಯರು ಕೇಕೆ ಹಾಕಿದರು. ಚೆಂಡು ತರಲು ಬೋರಣ್ಣನೇ ಓಡಿದ. ಅವನು ಬೇಲಿ ದಾಟುವಷ್ಟರಲ್ಲಿ ಕಣದಲ್ಲಿ ಇನ್ನೂ ಮೂವರು ತಾಯಂದಿರು ಸೆರಗು ಸಿಕ್ಕಿಸಿಕೊಂಡು ಸಾಲು ನಿಂತಿದ್ದರು.