ಹಾಲಮ್ಮನ ಲೆಕ್ಕ, ಶಾರದೆಯ ಲೆಕ್ಕ

"ಒಬ್ಬ ರೈತ ಹತ್ತು ರೂಪಾಯಿಗೆ ಕುರಿ ಕೊಂಡು ಹದಿನಾಲ್ಕಕ್ಕೆ ಮಾರಿದ. ಲಾಭ ಎಷ್ಟು?"

"ಒಂದ್ರಿ."

"ಅರವತ್ತಕ್ಕೆ ಎಮ್ಮೆ ಕೊಂಡು ಎಂಬತ್ತಕ್ಕೆ ಮಾರಿದ. ಈಗ?"

"ಲಾಭ ಕೇಳೀರೇನ್ರಿ? ಅದೂ ಒಂದ್ರಿ."

ದಾವಣಗೆರೆಯ ಶಾಲೆಗೆ ಟೀಚರಾಗಿ ಬಂದ ಮೊದಲ ವಾರ, ಮೂರನೇ ತರಗತಿಯ ಹಾಲಮ್ಮ ನನಗೆ ಕೊಟ್ಟ ಉತ್ತರಗಳಿವು. ಆವರಗೆರೆಯಿಂದ ನಡೆದು ಬರುವ ಒಕ್ಕಲಮನೆಯ ಹುಡುಗಿ. ಕೂಡುವುದು, ಕಳೆಯುವುದು ಚೆನ್ನಾಗಿಯೇ ಬರುತ್ತಿತ್ತು. ಲೆಕ್ಕವನ್ನು ವಾಕ್ಯದಲ್ಲಿ ಕೊಟ್ಟರೆ ಮಾತ್ರ ಹೀಗೆ. ತಲೆಯಲ್ಲಿ ಮಣ್ಣು ತುಂಬಿಕೊಂಡಿದ್ದೀಯಾ ಎಂದು ಗದರಿದೆ. ಅವಳು ಅಳಲಿಲ್ಲ. ನನಗೇ ಏನೋ ಗೊತ್ತಿಲ್ಲ ಎಂಬಂತೆ ನೋಡಿದಳು.

ನಿಜವಾಗಿಯೂ ಗೊತ್ತಿರಲಿಲ್ಲ. ಆ ಶನಿವಾರ ನನ್ನ ಬಾಡಿಗೆ ಕೋಣೆಯ ಒಡತಿ ಶರಣಮ್ಮನವರು ಪಡಸಾಲೆಯಲ್ಲಿ ಜೋಳ ಅಳೆಯುತ್ತಿದ್ದರು. ಮೊದಲ ಸೇರು ಸುರಿದು "ಲಾಭ" ಎಂದರು. ಮುಂದಿನದಕ್ಕೆ "ಎರಡು", ಅದರ ಮುಂದಿನದಕ್ಕೆ "ಮೂರು".

"ಒಂದು ಎಲ್ಲಿ ಹೋಯಿತು?" ಎಂದೆ.

"ಕಾಳು ಅಳಿಯಾಗ ಒಂದು ಅನಬಾರ್ದು ರೀ ಅಕ್ಕಾರೆ, ಲಾಭ ಅನ್ನಬೇಕು. ನಿಮ್ ಕಡೆ ಹೆಂಗೆ?"

ನಾನು ಕಂಡ ಮಟ್ಟಿಗೆ ನಮ್ಮ ಕಡೆ ಹಾಗಿಲ್ಲ. ಕುಂದಾಪುರದಲ್ಲಿ ಒಂದು ಎಂದರೆ ಒಂದೇ. ಕಣದಲ್ಲಿ ಅಪ್ಪನ ಪಕ್ಕ ಕೂತು ಎಣಿಕೆ ಕಲಿತ ಹುಡುಗಿಗೆ ಲಾಭ ಒಂದಲ್ಲದೆ ಇನ್ನೆಷ್ಟು? ಗದರಿದ್ದಕ್ಕೆ ನನಗೆ ಬಹಳ ನಾಚಿಕೆಯಾಯಿತು.

ಐವತ್ತಾರರಲ್ಲಿ ಕನ್ನಡ ಸೀಮೆಗಳೆಲ್ಲ ಒಂದು ರಾಜ್ಯವಾದ ಮೇಲೆ ಘಟ್ಟ ಹತ್ತಿ ಬಂದವಳು ನಾನು. ಕನ್ನಡ ತಾನೇ, ಎಲ್ಲಿ ಹೋದರೂ ಅದೇ ಎಂದು ಊರಿನವರಾದ ನೀವು ಧೈರ್ಯ ಹೇಳಿ ಕಳಿಸಿದಿರಿ. ಇಲ್ಲಿ ಇದೆ ಎನ್ನುವುದು "ಐತೆ", ಬೇಡ ಎನ್ನುವುದು "ಬ್ಯಾಡ", ಟೀಚರು ಎನ್ನುವುದು "ಅಕ್ಕಾರು". ಅಲ್ಲಿ ಕುಚ್ಚಲಕ್ಕಿ ಗಂಜಿ, ಇಲ್ಲಿ ಜೋಳದ ರೊಟ್ಟಿ. ಮೀನಿನ ಮಾತನ್ನು ಶರಣಮ್ಮನವರ ಮನೆಯಲ್ಲಿ ಎತ್ತುವಂತೆಯೇ ಇಲ್ಲ. ರೊಟ್ಟಿ ನುಂಗಲಾರದೆ ನಾನು ನೀರು ಕುಡಿಯುವುದನ್ನು ಕಂಡು ಅವರು ತಟ್ಟೆಗೆ ಇನ್ನಷ್ಟು ಬೆಣ್ಣೆ ಹಾಕುತ್ತಿದ್ದರು. ಒಂದು ಭಾನುವಾರ ಹರಿಹರಕ್ಕೂ ಕರೆದುಕೊಂಡು ಹೋದರು, "ನೀರು ನೀರು ಅಂತೀರಲ್ಲ, ಹೊಳಿ ನೋಡ್ ಬರ್ರಿ" ಎಂದು. ತುಂಗಭದ್ರೆ ತುಂಬಿ ಹರಿಯುತ್ತಿದ್ದಳು. ಆದರೂ ನಾನು ಆಚೆ ದಡ ಕಾಣದ ನಮ್ಮ ಕಡಲನ್ನೇ ನೆನೆದು ಅತ್ತೆ. ಕಡಲಿಗಾಗಿ ಎಂದು ಅವರಿಗೆ ಹೇಳಿದೆ, ಅದು ಅರ್ಧ ಸುಳ್ಳು.

ಏಳು ವರ್ಷದ ಮಗಳು ಶಾರದೆಯನ್ನು ನಾನು ಊರಿನಲ್ಲಿ ಬಿಟ್ಟು ಬಂದಿದ್ದೆ. ಅವಳಪ್ಪ ತೀರಿಹೋದ ಮೇಲೆ ಈ ಕೆಲಸವೇ ನಮಗೆ ದಾರಿ. ಮೊದಲು ನೀನು ನೆಲೆ ನಿಲ್ಲು, ಮಗು ಅಣ್ಣನ ಮಕ್ಕಳ ಜೊತೆ ಇರಲಿ ಎಂದಿದ್ದರು ಅಮ್ಮ. ನೆಲೆ ನಿಂತಿತು. ಆಮೇಲೂ ಮುಂದಿನ ರಜೆ, ಮುಂದಿನ ರಜೆ ಎನ್ನುತ್ತಲೇ ಇದ್ದೆ. ಒಬ್ಬಳೇ ಇರುವುದು ನನಗೆ ಹಗುರವೆನಿಸಿತ್ತು ಎಂಬುದನ್ನು ನಿಮ್ಮ ಮುಂದೆ ಮುಚ್ಚಿಟ್ಟು ಏನು ಮಾಡಲಿ.

ಸಂಜೆಗಳನ್ನು ಹಾಲಮ್ಮ ತುಂಬಿದಳು. ಶಾಲೆ ಬಿಟ್ಟ ಮೇಲೆ ಜಗಲಿಯಲ್ಲಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಳ್ಳುತ್ತಿದ್ದೆ. ಲೆಕ್ಕವನ್ನು ಮೊದಲು ಕತೆಯಂತೆ ಹೇಳು ಎನ್ನುತ್ತಿದ್ದೆ. ಯಾರು ಕೊಂಡರು, ಯಾರಿಗೆ ಮಾರಿದರು, ಕೊನೆಗೆ ಅವನ ಕೈಯಲ್ಲಿ ಹೆಚ್ಚಿಗೆ ಉಳಿದದ್ದೇನು. "ಇದು ಕಣದ ಲಾಭ ಅಲ್ಲ, ಸಂತಿ ಲಾಭ" ಎಂದು ಅವಳೇ ಬೇರೆ ಮಾಡಿಕೊಂಡಳು. ಹೊತ್ತಾದಂತೆ ನನ್ನ ತೋಳಿಗೆ ಒರಗುತ್ತಿದ್ದಳು. ನಾನು ಸರಿಯುತ್ತಿರಲಿಲ್ಲ. ಪರೀಕ್ಷೆಯಲ್ಲಿ ಒಂದು ಲೆಕ್ಕವನ್ನೂ ತಪ್ಪದೆ ಮಾಡಿದಾಗ ನಾನೇ ಗೆದ್ದಷ್ಟು ಹಿಗ್ಗಿದೆ.

ಅದೇ ಹಿಗ್ಗಿನಲ್ಲಿ ಬೇಸಿಗೆ ರಜೆಗೆ ಊರಿಗೆ ಬಂದೆ. ಈ ಸಲ ಮಗಳನ್ನು ಕರೆದುಕೊಂಡೇ ಹೋಗುವುದೆಂದು ನಿಶ್ಚಯಿಸಿದ್ದೆ. ಬಂದವಳೇ "ಶಾರದೆ ಎಲ್ಲಿ ಅದಾಳೆ?" ಎಂದು ಕೂಗಿದೆ. ಮಗಳು ಬಾಗಿಲ ಸಂದಿಯಿಂದ ಇಣುಕಿ, "ಅಮ್ಮಮ್ಮ, ಇವ್ರ್ ಎಂತ ಹೇಳ್ತ್ರ್?" ಎಂದಳು. ಎಲ್ಲರೂ ನಕ್ಕರು. ಅಮ್ಮ ಎನ್ನದೆ ಇವ್ರ್ ಎಂದದ್ದನ್ನು ಕೇಳಿದ ನನಗೆ ನಗಲಾಗಲಿಲ್ಲ.

ಮರುದಿನ ಅವಳ ಲೆಕ್ಕ ನೋಡಿದೆ. ಬರೀ ಅಂಕಿ ಇದ್ದಲ್ಲಿ ಎಲ್ಲವೂ ಸರಿ. ವಾಕ್ಯದ ಲೆಕ್ಕಗಳ ಕೆಳಗೆಲ್ಲ ಖಾಲಿ. "ಇದನ್ನು ಯಾರೂ ಹೇಳಿಕೊಡಲಿಲ್ವಾ?" ಎಂದು ಕೇಳಿದೆ, ಹೇಳಿಕೊಡಬೇಕಿದ್ದವಳು ನಾನಲ್ಲ ಎಂಬಂತೆ! ಆಮೇಲೆ ಅವಳನ್ನು ಹತ್ತಿರ ಕೂರಿಸಿಕೊಂಡು, ಮೊದಲು ಕತೆ ಹೇಳು ಎಂದೆ. ಹೀಗೆಯೇ ಕಲಿತು ಹಾಲಮ್ಮ ಎಷ್ಟು ಜಾಣೆಯಾದಳು ಗೊತ್ತಾ ಎಂದೂ ಸೇರಿಸಿದೆ. ಆ ರಜೆಯಲ್ಲಿ ಹಾಲಮ್ಮನ ಹೆಸರನ್ನು ಎಷ್ಟು ಸಲ ತೆಗೆದೆನೋ, ನನಗೆ ಅರಿವೇ ಇರಲಿಲ್ಲ. ಮಗಳಿಗೆ ಇತ್ತು.

ಹೊರಡುವ ಹಿಂದಿನ ದಿನ ಅವಳ ಬಟ್ಟೆ ಮಡಿಸುತ್ತಾ, ದಾವಣಗೆರೆಗೆ ಹೋಗುವ ಅಲ್ಲವಾ ಎಂದೆ. ಅವಳು ಲಂಗವನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು.

"ನಾ ಬತ್ತಿಲ್ಲೆ. ನಾ ಬಂದ್ರೆ ಆ ಹಾಲಮ್ಮ ಎಲ್ಲ್ ಕೂಕಂತ್ಳ್?"

ಇಬ್ಬರೂ ಕೂರಬಹುದು ಎನ್ನಬೇಕಿತ್ತು. ಅವಳು ನನ್ನ ಮೇಲೆ ಕೋಪಗೊಂಡಿರಲಿಲ್ಲ. ಆ ಜಾಗ ಬೇರೆಯವರದ್ದೆಂದು ಒಪ್ಪಿಕೊಂಡು ಕೇಳಿದ್ದಳು. ಮರುದಿನ ಒಬ್ಬಳೇ ಬಸ್ಸು ಹತ್ತಿದೆ.

ಊರಿನವರೇ, ನೀವು ನನ್ನನ್ನು ಘಟ್ಟದ ಮೇಲಿನವಳು ಎನ್ನುತ್ತೀರಿ. ಇಲ್ಲಿನವರು ಕೆಳಗಿನ ಸೀಮೆಯ ಅಕ್ಕಾರು ಎನ್ನುತ್ತಾರೆ. ಎರಡೂ ನಿಜ, ಎರಡರಲ್ಲೂ ನನಗೆ ಸಮಾಧಾನವಿಲ್ಲ.

ಶಾಲೆ ತೆರೆದ ದಿನ ಸಂಜೆ ಹಾಲಮ್ಮ ಓಡಿಬಂದು ಎಂದಿನಂತೆ ನನ್ನ ತೋಳಿಗೆ ಒತ್ತಿ ಕೂತಳು. ನಾನು ಅವಳನ್ನು ಎಬ್ಬಿಸಿ ಎದುರಿಗೆ ಕೂರಿಸಿ, ಪಕ್ಕದ ಜಾಗ ಖಾಲಿ ಬಿಟ್ಟೆ. ಅವಳು ಕೊಳೆಯಾಗಿದೆಯೇನೋ ಎಂದು ತನ್ನ ಕೈ, ಲಂಗ ಎಲ್ಲ ನೋಡಿಕೊಂಡು, ಮೆತ್ತಗೆ ಕೇಳಿದಳು:

"ಯಾಕ್ರೀ ಅಕ್ಕಾರೆ, ನಂದೇನರ ತಪ್ಪಾತೇನ್ರಿ?"