ಸಾಕೆನ್ನದ ಹೊಟ್ಟೆ

ಈರಲಿಂಗಪ್ಪ ಹಿಂದೂಪುರದ ಹುಣಸೆಹಣ್ಣಿನ ಮಂಡಿಯಲ್ಲಿ ಹಮಾಲಿ. ಹೆಂಡತಿ ಲಕ್ಷ್ಮಕ್ಕ ಕಲ್ಯಾಣದುರ್ಗದಲ್ಲಿ ಹುಣಸೆಹಣ್ಣು ಬಿಡಿಸುವ ಕೂಲಿ ಮಾಡುತ್ತಿದ್ದಳು. ಸುಗ್ಗಿಯಲ್ಲಿ ಅವನು ಹಿಂದೂಪುರದಲ್ಲೇ ತಮ್ಮನ ಮನೆಯಲ್ಲಿ ಉಳಿದು, ವಾರಕ್ಕೊಮ್ಮೆ ಹೆಂಡತಿಯ ಹತ್ತಿರ ಬರುತ್ತಿದ್ದ.

ಆ ಸಲ ಬಂದವನ ಉಡಿದಾರ ಉಬ್ಬಿದ ಹೊಟ್ಟೆಯನ್ನು ಕಚ್ಚಿ ಹಿಡಿದಿತ್ತು. ಲಕ್ಷ್ಮಕ್ಕ ಮುದ್ದೆ ಇಕ್ಕಿದಳು. ನುಂಗಿದ. ಇನ್ನೊಂದು ಇಕ್ಕಿದಳು. ಉಣ್ಣುವವನು ತಟ್ಟೆಗೆ ಕೈ ಅಡ್ಡ ಹಿಡಿಯುವ ತನಕ ಇಕ್ಕುವುದೇ ಅವರಲ್ಲಿ ಮರ್ಯಾದೆ. ಈರಲಿಂಗಪ್ಪ ಕೈ ಅಡ್ಡ ಹಿಡಿಯಲೇ ಇಲ್ಲ. ಪಾತ್ರೆ ಬರಿದಾಯಿತು. ಆಗಲೂ "ಇನ್ನೇನೈತೆ?" ಎಂದ.

ಪಕ್ಕದ ಮನೆಯ ಮುನೆಮ್ಮ ಇದನ್ನು ಕೇಳಿ ದನಿ ತಗ್ಗಿಸಿದಳು. "ಮಂದು ಪೆಟ್ಟಿನಾರು ಕಣಮ್ಮ. ವಶ ಮಾಡ್ಕಳಾಕೆ ಅನ್ನದಾಗೆ ಮದ್ದಿಕ್ಕವ್ರೆ. ವಾರವೆಲ್ಲಾ ಯಾರ ಕೈಯಾಗೆ ಉಣ್ತಾನೆ, ಯೋಚ್ನೆ ಮಾಡು."

ಯೋಚಿಸುವುದೇನಿತ್ತು? ಮೈದುನನ ಹೆಂಡತಿ ಉಮಾದೇವಿ. ಗಂಡ ಅವಳ ಸಾರನ್ನು ಹೊಗಳಿದ್ದು, ಬಾವಾ ಬಾವಾ ಎಂದು ಅವಳು ಮೇಲೆ ಮೇಲೆ ಬಡಿಸಿದ್ದು, ಎಲ್ಲ ಲಕ್ಷ್ಮಕ್ಕನ ನೆನಪಿಗೆ ಬಂತು. ಸುಮ್ಮಸುಮ್ಮನೆ ಯಾರಾದರೂ ಹಾಗೆ ಬಡಿಸುತ್ತಾರೆಯೇ?

ಫೋನ್ ಮಾಡಿದಳು. "ನನ್ ಗಂಡುಂಗೆ ಏನಿಕ್ಕಿದೀಯೆ?"

"ಎಷ್ಟಿಕ್ಕಿದ್ರೂ ಸಾಲ್ದು ಅಂತಾರೆ ಅಕ್ಕಾ. ಮಂಡಿಯಾಗೆ ಮೂಟೆಯಿಂದ ಹುಣಸೆಹಣ್ಣೂ ಕಿತ್ತು ತಿಂತಾರಂತೆ. ಪಕ್ಕದಾಗಿರೋ ಗಾಡೀನೂ ಕಾಣ್ದಂಗೆ ಡಿಕ್ಕಿ ಹೊಡೀತಾರೆ. ಡಾಕ್ಟ್ರಿಗೆ ತೋರ್ಸು."

"ಮದ್ದು ಡಾಕ್ಟ್ರಿಗೆ ಸಿಕ್ಕಲ್ಲ ಅಂತ ಗೊತ್ತು ನಿಂಗೆ. ಅದಕ್ಕೇ ಹೇಳ್ತೀಯ!"

ಪರಿಗಿ ಕಡೆ ಮದ್ದು ಕಕ್ಕಿಸುವವನೊಬ್ಬನಿದ್ದ. ಲಕ್ಷ್ಮಕ್ಕ ಗಂಡನನ್ನು ಅವನಲ್ಲಿಗೆ ಕರೆದೊಯ್ದಳು. ಸೊಪ್ಪಿನ ರಸ ಕುಡಿಸಿದ. ಈರಲಿಂಗಪ್ಪ ಕರುಳು ಬಾಯಿಗೆ ಬರುವಂತೆ ಕಕ್ಕಿದ. ಕಕ್ಕಿಸಿದವನು ಕಡ್ಡಿಯಿಂದ ಒಂದು ಕಪ್ಪು ಉಂಡೆ ಎತ್ತಿ ತೋರಿಸಿದ. "ನೋಡಮ್ಮ, ಕೂದ್ಲು ಸುತ್ತಿರೋ ಮದ್ದು."

ಲಕ್ಷ್ಮಕ್ಕ ಬಾಗಿ ನೋಡಿದಳು. ಕೂದಲಲ್ಲ. ಹುಣಸೆಹಣ್ಣಿನ ನಾರು. ಚಿಕ್ಕಂದಿನಿಂದ ಅದನ್ನೇ ಬಿಡಿಸಿದ ಕೈ ಅವಳದು. ಹಾಗಾದರೆ ಉಮಾ ಹೇಳಿದ್ದು ನಿಜವೇ? ಈರಲಿಂಗಪ್ಪ ಬಾಯಿ ಒರೆಸಿಕೊಂಡು "ಹಸಿವಾಯ್ತದೆ ಕಣೆ" ಎಂದ. ಹಿಂದಿರುಗುವಾಗ ಪಕ್ಕದಲ್ಲೇ ಬಂದ ಎಮ್ಮೆ ಅವನಿಗೆ ಕಾಣಲಿಲ್ಲ. ಲಕ್ಷ್ಮಕ್ಕ ತೋಳು ಹಿಡಿದು ಎಳೆದುಕೊಂಡಳು. ಬಸ್ಸಿಳಿದು ನೆಟ್ಟಗೆ ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರ್ ಅಮೃತಾ ಕಣ್ಣು ನೋಡಿ, ತಲೆಯ ಸ್ಕ್ಯಾನ್ ಮಾಡಿಸಿದರು. "ಮಿದುಳಿನ ಬುಡದಾಗೆ ಗಡ್ಡೆ ಐತಮ್ಮ. ಎಷ್ಟು ಉಂಡ್ವಿ, ಮೈಯಾಗೆ ಎಷ್ಟು ಕೊಬ್ಬೈತೆ, ಎಲ್ಲಾ ಸುದ್ದಿ ಹೋಗೋದು ಆ ಜಾಗಕ್ಕೆ. ಸಾಕು ಅನ್ನೋದೂ ಅದೇ. ಇವರಿಗೆ ಹೊಟ್ಟೆ ತುಂಬಿದ್ರೂ ತಲೆ ಉಪವಾಸ ಅಂತೈತೆ. ಗಡ್ಡೆ ಕಣ್ಣಿನ ನರಾನೂ ಒತ್ತೈತೆ. ತಡ ಮಾಡಿದ್ರೆ ಪೂರ್ತಿ ಕುರುಡು."

"ಯಾರಾದ್ರೂ ಏನಾದ್ರೂ ಇಕ್ಕಿದ್ದಕ್ಕೆ ಬಂತಾ?"

"ಇಲ್ಲಮ್ಮ. ತಾನೇ ಬೆಳೆದಿದ್ದು."

ಲಕ್ಷ್ಮಕ್ಕ ಪೂರ್ತಿ ನಂಬಲಿಲ್ಲ. ಆದರೆ ಗಂಡನಿಗೆ ಎಮ್ಮೆ ಕಾಣದ್ದನ್ನು ತಾನೇ ಕಂಡಿದ್ದಳು. ಆಪರೇಷನ್‌ಗೆ ಒಪ್ಪಿದಳು.

ಕಣ್ಣು ಉಳಿಯಿತು. ಹಸಿವು ಹೋಗಲಿಲ್ಲ. ಗಡ್ಡೆ ತೆಗೆದರೂ ಅದು ಕೆಡಿಸಿದ ಜಾಗ ಸರಿಹೋಗದು, ಇನ್ನು ಸಾಕು ಅನ್ನಬೇಕಾದವರು ಮನೆಯವರೇ ಎಂದರು ಡಾಕ್ಟರು. ಲಕ್ಷ್ಮಕ್ಕ ಕೂಲಿಗೆ ಹೋದರೆ ಅವನು ಬೀದಿಯ ಮನೆಗಳಲ್ಲೆಲ್ಲ ಬೇಡಿ ತಿನ್ನುತ್ತಿದ್ದ. ಹೆಂಡತಿ ಉಪವಾಸ ಕೆಡವುತ್ತಾಳೆ ಎಂದು ಅಳುತ್ತಿದ್ದ. ಜನ ಅವಳನ್ನೇ ವಾರೆಗಣ್ಣಿನಿಂದ ನೋಡತೊಡಗಿದರು. ಒಬ್ಬಳಿಂದ ಆಗುವ ಕಾವಲಲ್ಲ ಅದು. ಕೊನೆಗೆ ಅವನನ್ನು ಕರೆದುಕೊಂಡು ಹಿಂದೂಪುರದ ಮೈದುನನ ಮನೆಗೇ ಹೋದಳು.

ಉಮಾದೇವಿ ಬಾಗಿಲಿಗೆ ಅಡ್ಡ ನಿಂತಳು. "ನನ್ ಕೈ ಅನ್ನ ಉಣ್ತೀಯಾ ಅಕ್ಕಾ, ಇಲ್ಲಾ ಮೊದ್ಲು ನಾಯಿಗಿಕ್ಕಿ ನೋಡ್ತೀಯಾ?"

"ಪಕ್ಕದಾಗೆ ಕುಂತು ನೋಡ್ತೀನಿ" ಎಂದಳು ಲಕ್ಷ್ಮಕ್ಕ.

ಉಮಾದೇವಿ ನಕ್ಕಳು, ದಾರಿ ಬಿಟ್ಟಳು.

ಊಟಕ್ಕೆ ಕೂತಾಗ ಉಮಾದೇವಿ ಒಂದೇ ಮುದ್ದೆ ಇಕ್ಕಿದಳು. ಈರಲಿಂಗಪ್ಪ ಅತ್ತ. ಅವಳ ಕೈ ತಾನಾಗಿ ಇನ್ನೊಂದರ ಕಡೆ ಹೋಯಿತು. ಆ ಕೈಯನ್ನೇ ಕಾಯುತ್ತಿದ್ದ ಲಕ್ಷ್ಮಕ್ಕ ತಟ್ಟನೆ ಹಿಡಿದಳು.

"ಬ್ಯಾಡ ಕಣೆ ಉಮಾ. ಅತ್ರೂ ಬ್ಯಾಡ."

ಈರಲಿಂಗಪ್ಪ ಇಬ್ಬರನ್ನೂ ದಿಟ್ಟಿಸಿದ. "ನನ್ ಮೇಲೆ ಇಬ್ರೂ ಒಂದಾಗ್ಬುಟ್ರಾ?"

"ಹೂಂ, ಒಂದಾದ್ವಿ" ಎಂದು ಲಕ್ಷ್ಮಕ್ಕ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.